ದೇಹದ ಪಟಗಳ ಸಮನ್ವಯ

ಕ್ಯಾಲೆಂಡರಿನ ಮೇಲಿನ ಲಕ್ಷ್ಮಿಯ ಚಿತ್ರವನ್ನು ನೋಡದವರು ನಮ್ಮ ವಾಚಕರಲ್ಲಿ ಯಾರೂ ಇರಲಾರರು. ಒಂದೊಂದು ಪ್ರತಿಯಲ್ಲಿ ದೇವಿಯ ಕುಂಕುಮವು ಹಣೆಯನ್ನು ಬಿಟ್ಟು ಹುಬ್ಬಿನ ಮೇಲೆ ಬಿದ್ದಿರುವುದನ್ನೂ, ತುಟಿಯ ಕೆಂಪು ಅಂಚನ್ನು ದಾಟಿ ಕೆನ್ನೆಗೆ ಸರಿದಿರುವುದನ್ನೂ ಕಂಡು, "ಇದೇನು, ಅಚ್ಚು ಕದಲಿದೆ" ಎಂದು ಬದಿಗಿಟ್ಟವರು ಹಲವರಿರಬಹುದು. ಬಣ್ಣದ ಚಿತ್ರವನ್ನು ಅಚ್ಚು ಹಾಕುವವರು ಹಳದಿಯನ್ನೊಮ್ಮೆ, ಕೆಂಪನ್ನೊಮ್ಮೆ, ನೀಲಿಯನ್ನೊಮ್ಮೆ, ಕಪ್ಪನ್ನೊಮ್ಮೆ, ಹೀಗೆ ಒಂದೇ ಕಾಗದದ ಮೇಲೆ ನಾಲ್ಕು ಸಲ ಒತ್ತುವರು. ನಾಲ್ಕು ಒತ್ತುಗಳೂ ಕೂದಲೆಳೆಯಷ್ಟೂ ಜರುಗದೆ ಒಂದರ ಮೇಲೊಂದು ಕುಳಿತರೆ ದೇವಿಯ ಮುಖ ಮೂಡುವುದು; ಒಂದು ಜರುಗಿದರೂ ಮುಖ ಕೆಡುವುದು. ಬಣ್ಣಗಳಲ್ಲಿ ದೋಷವಿಲ್ಲ, ಫಲಕಗಳಲ್ಲಿಯೂ ದೋಷವಿಲ್ಲ. ದೋಷವಿರುವುದು ಅವುಗಳ ಹೊಂದಿಕೆಯಲ್ಲಿ.

ಕ್ಯಾಲೆಂಡರಿನ ಚಿತ್ರ ಕೆಟ್ಟರೆ ನಷ್ಟವಾಗುವುದು ನಾಲ್ಕು ಕಾಸು. ಆದರೆ ಇದೇ ಬಗೆಯ ಹೊಂದಿಕೆಯ ಪ್ರಶ್ನೆ ಇಂದಿನ ಆಸ್ಪತ್ರೆಗಳಲ್ಲಿ ದಿನದಿನವೂ ಏಳುತ್ತಿದೆ. ಅಲ್ಲಿ ಅಚ್ಚು ಕದಲಿದರೆ ಹೋಗುವುದು ಮನುಷ್ಯನ ಕಣ್ಣಾಗಬಹುದು, ಮಾತಾಗಬಹುದು, ಪ್ರಾಣವೇ ಆಗಬಹುದು. ಒಬ್ಬನೇ ರೋಗಿಯ ದೇಹವನ್ನು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಯಂತ್ರಗಳಲ್ಲಿ ತೆಗೆದ ಒಳಪಟಗಳನ್ನು ಬಿಂದುವಿಗೆ ಬಿಂದು ಕೂಡುವಂತೆ ಒಂದರ ಮೇಲೊಂದು ಇರಿಸುವ ವಿದ್ಯೆಗೆ ವೈದ್ಯರು ರಿಜಿಸ್ಟ್ರೇಷನ್ ಎನ್ನುವರು. ಈ ಹೆಸರನ್ನು ಕೇಳಿದೊಡನೆ ನಮ್ಮವರಿಗೆ ಜಮೀನಿನ ಕ್ರಯಪತ್ರವೂ ಛಾಪಾ ಕಾಗದವೂ ನೆನಪಾಗುವುದು ಸಹಜ. ಆದುದರಿಂದ ನಾವು ಈ ಲೇಖನದಲ್ಲಿ ಅದನ್ನು 'ಸಮನ್ವಯ'ವೆಂದೇ ಕರೆಯುವೆವು. ಬೇರೆ ಬೇರೆ ಎಂದು ತೋರುವ ವಾಕ್ಯಗಳು ಒಂದೇ ಅರ್ಥದಲ್ಲಿ ನೆಲೆಗೊಳ್ಳುವುದನ್ನು ನಮ್ಮ ಶಾಸ್ತ್ರಕಾರರು ಸಮನ್ವಯವೆಂದರಲ್ಲವೆ? ಇಲ್ಲಿ ವಾಕ್ಯಗಳಿಗೆ ಬದಲು ಪಟಗಳಿವೆ, ಅಷ್ಟೇ ಭೇದ.

ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿ ನಿವೃತ್ತರಾದ ನಮಗೆ ಈ ವಿಷಯದ ಗೊಡವೆ ಏಕೆಂದು ಕೆಲವರು ಕೇಳಬಹುದು. ಅದಕ್ಕೆ ಕಾರಣವಾದ ಸಂಗತಿಯನ್ನೇ ಮೊದಲು ಹೇಳಿಬಿಡುವೆವು.

ನಮ್ಮ ಅಕ್ಕಯ್ಯನವರಿಗೆ ಮೂರು ವರ್ಷಗಳ ಹಿಂದೆ ಎಡೆಬಿಡದ ತಲೆನೋವು ಬಂದಿತು. ಎಂ.ಆರ್.ಐ. ತೆಗೆಸಿದುದರಲ್ಲಿ ಮೆದುಳಿನ ಹೊದಿಕೆಯ ಪೊರೆಯಲ್ಲಿ ಒಂದು ಸಣ್ಣ ಗಂಟು ಕಂಡಿತು. ಅಡ್ಡಳತೆ ೧೬ ಮಿಲಿಮೀಟರು. ಮೆನಿಂಜಿಯೋಮ ಎಂಬ ಈ ಜಾತಿಯ ಗಂಟು ಬಹುಮಟ್ಟಿಗೆ ಸೌಮ್ಯಸ್ವಭಾವದ್ದು, ನಿಧಾನವಾಗಿ ಬೆಳೆಯತಕ್ಕದ್ದು. ಎಷ್ಟೋ ಸಲ ಅದನ್ನು ಕೊಯ್ಯದೆ, ವರ್ಷಕ್ಕೊಮ್ಮೆ ಪಟ ತೆಗೆಸಿ ನೋಡುತ್ತಿರುವುದೇ ಚಿಕಿತ್ಸೆ. ಮರುವರ್ಷ ಬೇರೊಂದು ಊರಿನಲ್ಲಿ, ಬೇರೊಂದು ಯಂತ್ರದಲ್ಲಿ ಪಟ ತೆಗೆಸಿದೆವು. ಬಂದ ವರದಿಯಲ್ಲಿ ಅಡ್ಡಳತೆ ೧೯ ಮಿಲಿಮೀಟರು ಎಂದಿತ್ತು. ಒಂದು ವರ್ಷಕ್ಕೆ ೩ ಮಿಲಿಮೀಟರು! ಗಂಟು ಬೆಳೆಯುತ್ತಿದೆ, ಶಸ್ತ್ರಕ್ರಿಯೆ ಆಗಬೇಕು ಎಂದು ಅಲ್ಲಿನವರು ದಿನವನ್ನೂ ಸೂಚಿಸಿದರು. ಅಕ್ಕಯ್ಯನವರಿಗೆ ಆಗ ಅರುವತ್ತೆಂಟು ವರ್ಷ. ಅವರು ಬಹಳ ಮಾತನಾಡುವವರಲ್ಲ. ಆ ರಾತ್ರಿ ಊಟವಾದ ಮೇಲೆ, "ತಮ್ಮಾ, ತಲೆ ಕೊಯ್ಯಿಸಿಕೊಳ್ಳೋದಕ್ಕೆ ನಾನು ಹೆದರೋದಿಲ್ಲ, ಕೊಯ್ಯೋ ಮೊದಲು ಇನ್ನೊಬ್ಬರನ್ನ ಒಂದು ಮಾತು ಕೇಳಿಬಿಡು" ಎಂದು ಮಾತ್ರ ಹೇಳಿ ಮಲಗಲು ಹೋದರು.

ಇನ್ನೊಬ್ಬರೆಂದರೆ ಪಟಗಳನ್ನು ಓದುವುದರಲ್ಲಿಯೇ ಪರಿಶ್ರಮವುಳ್ಳ ಒಬ್ಬ ತರುಣ ಡಾಕ್ಟರಮ್ಮನವರು. ಎರಡು ವರ್ಷದ ಫಿಲ್ಮುಗಳನ್ನೂ ಬೆಳಕಿಗೆ ಹಿಡಿದು ನೋಡಿ ಅವರು, "ಮೇಷ್ಟ್ರೇ, ಎರಡು ಪಟಗಳೂ ನಿಜವನ್ನೇ ಹೇಳುತ್ತಿರಬಹುದು. ಆದರೆ ಎರಡೂ ಒಂದೇ ಕಡೆ ನಿಂತು ಹೇಳುತ್ತಿಲ್ಲ. ಮೊದಲನೆಯ ಸ್ಕ್ಯಾನಿನ ಡಿಸ್ಕು ಎಲ್ಲಿ?" ಎಂದರು. ನಾವು ತಲೆ ತಗ್ಗಿಸಿದೆವು. ಆ ಡಿಸ್ಕು ನಮ್ಮ ಹಿತ್ತಲಿನ ಸೀಬೆಯ ಮರದಲ್ಲಿ ದಾರಕ್ಕೆ ಕಟ್ಟಿಸಿಕೊಂಡು, ಬಿಸಿಲಿಗೆ ಮಿಣಮಿಣ ಹೊಳೆಯುತ್ತ, ಗಿಳಿಗಳನ್ನು ಓಡಿಸುತ್ತಿತ್ತು. ಫಿಲ್ಮೂ ಕಾಗದದ ವರದಿಯೂ ಕೈಯಲ್ಲಿರುವಾಗ ಆ ತಟ್ಟೆಯಿಂದ ಪ್ರಯೋಜನವೇನೆಂದು ಕಟ್ಟಿದವರು ಮತ್ತಾರೂ ಅಲ್ಲ, ನಾವೇ.

ಆ ತಟ್ಟೆಯಿಂದ ಪ್ರಯೋಜನವೇನೆಂಬುದನ್ನು ತಿಳಿಯಬೇಕಾದರೆ ಎರಡು ಪಟಗಳು ಹೇಗೆ ಭಿನ್ನವಾಗುವುವೆಂಬುದನ್ನು ಮೊದಲು ತಿಳಿಯಬೇಕು. ಅಡಿಗೆಮನೆಯ ಒಂದು ಸೌತೆಕಾಯಿಯನ್ನು ತೆಗೆದುಕೊಳ್ಳಿ. ನೆಟ್ಟಗೆ ಅಡ್ಡಲಾಗಿ ಕೊಯ್ದರೆ ಬಿಲ್ಲೆಯು ದುಂಡಗೆ ಬರುವುದು. ಅದೇ ಕಾಯಿಯನ್ನು ಓರೆಯಾಗಿ ಕೊಯ್ದರೆ ಬಿಲ್ಲೆಯು ಉದ್ದಕ್ಕೆ ಬರುವುದು. ಉದ್ದನೆಯ ಬಿಲ್ಲೆಯನ್ನು ಕಂಡು ಕಾಯಿಯೇ ದಪ್ಪವಾಯಿತೆಂದು ಯಾವ ಗೃಹಿಣಿಯೂ ಹೇಳಳು. ಏಕೆಂದರೆ ಕೊಯ್ದ ಕೈ ಅವಳದೇ. ಸ್ಕ್ಯಾನು ಯಂತ್ರವೂ ತಲೆಯನ್ನು ಬಿಲ್ಲೆಬಿಲ್ಲೆಯಾಗಿ, ನೋವಿಲ್ಲದೆ, ಚಿತ್ರದಲ್ಲಿ ಮಾತ್ರ ಕೊಯ್ಯುವುದು. ಹಿಂದಿನ ವರ್ಷ ರೋಗಿಯ ಗದ್ದ ತುಸು ಎತ್ತಿದ್ದು, ಈ ವರ್ಷ ತುಸು ತಗ್ಗಿದ್ದರೆ, ಕೊಯ್ತದ ಓರೆಯೇ ಬೇರೆಯಾಗುವುದು. ಅದಲ್ಲದೆ ಬಿಲ್ಲೆಯ ದಪ್ಪವು ೫ ಮಿಲಿಮೀಟರು ಇದ್ದಲ್ಲಿ ಗಂಟಿನ ತುದಿಯು ಒಂದು ವರ್ಷ ಬಿಲ್ಲೆಯ ನಡುವಿಗೂ ಮತ್ತೊಂದು ವರ್ಷ ಎರಡು ಬಿಲ್ಲೆಗಳ ಸಂದಿಗೂ ಬೀಳಬಹುದು. ಹೀಗಿರುವಾಗ ಎರಡು ಅಂಕಿಗಳನ್ನು ಪಕ್ಕದಲ್ಲಿ ಬರೆದು ಒಂದರಿಂದೊಂದನ್ನು ಕಳೆದ ಮಾತ್ರಕ್ಕೆ ಬೆಳವಣಿಗೆ ತಿಳಿಯುವುದೆ?

ನಮ್ಮ ತರ್ಕ ವೇದಾಂತಗಳನ್ನು ಓದಿದವರಿಗೆ ದೇವದತ್ತನ ಪರಿಚಯವುಂಟು. ಹಿಂದೆ ಒಂದೂರಿನಲ್ಲಿ ಒಂದು ವೇಷದಲ್ಲಿ ಕಂಡವನು ಇಂದು ಈ ಊರಿನಲ್ಲಿ ಬೇರೆ ವೇಷದಲ್ಲಿ ಎದುರಾದಾಗ, ಆ ಕಾಲವನ್ನೂ ಆ ದೇಶವನ್ನೂ ಈ ಕಾಲವನ್ನೂ ಈ ದೇಶವನ್ನೂ ಬದಿಗೊತ್ತಿ, ಅವನೇ ಇವನೆಂದು ಗುರುತಿಸುವುದು ಪ್ರತ್ಯಭಿಜ್ಞೆ. ಪಟಗಳ ಸಮನ್ವಯವೂ ಒಂದು ಪ್ರತ್ಯಭಿಜ್ಞೆಯೇ. ಆದರೆ ವೈದ್ಯನಿಗೆ ಒಂದು ಹೆಚ್ಚಿನ ಕಷ್ಟವುಂಟು. ಭಂಗಿಯಿಂದಲೂ ಯಂತ್ರದಿಂದಲೂ ಬಂದ ಭೇದಗಳನ್ನೆಲ್ಲ ಅವನು ತಳ್ಳಿಹಾಕಬೇಕು. ರೋಗದಿಂದ ಬಂದ ಭೇದವನ್ನು ಮಾತ್ರ ತಳ್ಳಿಹಾಕಕೂಡದು. ವೇಷಭೇದ ಅಳಿಯಬೇಕು, ರೋಗಭೇದ ಉಳಿಯಬೇಕು. ಈ ವಿದ್ಯೆಯ ಸಾರವೆಲ್ಲವೂ, ಇದರ ಅಪಾಯವೆಲ್ಲವೂ ಈ ಒಂದು ಮಾತಿನಲ್ಲಿದೆ.

ಇನ್ನು ಇದರ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡೋಣ. ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ನಗರದಲ್ಲಿ ರಾಂಟ್ಜೆನ್ ಪಂಡಿತನು ಕ್ಷಕಿರಣಗಳನ್ನು ಕಂಡುಹಿಡಿದುದು ೧೮೯೫ರ ನವೆಂಬರಿನಲ್ಲಿ. ಆ ಕಿರಣಗಳಿಂದ ಎಲುಬು ಚೆನ್ನಾಗಿ ಕಂಡಿತು, ರಕ್ತನಾಳಗಳು ಕಾಣಲಿಲ್ಲ. ನಾಳಗಳಲ್ಲಿ ಕಿರಣವನ್ನು ತಡೆಯುವ ದ್ರವವನ್ನು ಹೊಗಿಸಿ ಪಟ ತೆಗೆದರೂ ಎಲುಬಿನ ನೆರಳು ನಾಳದ ನೆರಳನ್ನು ಮುಚ್ಚುತ್ತಿತ್ತು. ಹಾಲೆಂಡಿನ ಝೀಡ್ಸೆಸ್ ಡೆ ಪ್ಲಾಂಟ್ ಎಂಬ ವೈದ್ಯನು ೧೯೩೪ರ ತನ್ನ ಪ್ರಬಂಧದಲ್ಲಿ ಇದಕ್ಕೊಂದು ಸೊಗಸಾದ ಉಪಾಯವನ್ನು ವಿವರಿಸಿದನು. ದ್ರವ ಹೊಗಿಸುವ ಮುಂಚೆ ಒಂದು ಪಟ, ಹೊಗಿಸಿದ ಮೇಲೆ ಒಂದು ಪಟ ತೆಗೆಯುವುದು. ಮೊದಲನೆಯದರ ಕಪ್ಪುಬಿಳುಪುಗಳನ್ನು ತಿರುವುಮುರುವು ಮಾಡಿದ ಪ್ರತಿಯೊಂದನ್ನು ಸಿದ್ಧಪಡಿಸುವುದು. ಅದನ್ನು ಎರಡನೆಯ ಪಟದ ಮೇಲೆ ಸರಿಯಾಗಿ ಹೊಂದಿಸಿ ಬೆಳಕಿಗೆ ಹಿಡಿಯುವುದು. ಆಗ ಎರಡರಲ್ಲಿಯೂ ಸಮಾನವಾಗಿರುವ ಎಲುಬು ತನ್ನನ್ನು ತಾನೇ ಅಳಿಸಿಕೊಂಡು, ಎರಡನೆಯದರಲ್ಲಿ ಮಾತ್ರ ಇರುವ ನಾಳಗಳು ಬಳ್ಳಿಯಂತೆ ಉಳಿಯುವುವು. ಆದರೆ ಎರಡು ಪಟಗಳ ನಡುವೆ ರೋಗಿಯು ತಲೆಯನ್ನು ಎಳ್ಳಷ್ಟು ಅಲುಗಿಸಿದರೂ ಎಲುಬಿನ ಅಂಚುಗಳೆಲ್ಲ ಜೋಡಿ ಗೆರೆಗಳಾಗಿ ಎದ್ದು ಸುಳ್ಳು ನಾಳಗಳಂತೆ ತೋರುವುವು. ಹೊಂದಿಕೆಯಿಲ್ಲದ ವ್ಯವಕಲನವು ಇಲ್ಲದುದನ್ನು ಸೃಷ್ಟಿಸುವುದೆಂಬ ಪಾಠವನ್ನು ವೈದ್ಯಲೋಕವು ಹೀಗೆ ಫಿಲ್ಮಿನ ಕಾಲದಲ್ಲಿಯೇ ಕಲಿತಿತು.

ತಲೆಯು ಅಲುಗುವುದೇ ತೊಂದರೆಯಾದರೆ ಅದಕ್ಕೊಂದು ಚೌಕಟ್ಟನ್ನು ಬಿಗಿದರಾಯಿತಲ್ಲವೆ? ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ ಎಂಬ ಶಸ್ತ್ರವೈದ್ಯನು ೧೯೪೯ರಲ್ಲಿ ಪ್ರಕಟಿಸಿದ ಉಪಾಯವು ಈ ಬಗೆಯದು. ಲೋಹದ ಚೌಕಟ್ಟನ್ನು ತಲೆಬುರುಡೆಗೆ ತಿರುಪುಗಳಿಂದ ಕಚ್ಚಿಸಿ, ಅದರಿಂದ ಎಷ್ಟು ಬಲಕ್ಕೆ, ಎಷ್ಟು ಮುಂದಕ್ಕೆ, ಎಷ್ಟು ಆಳಕ್ಕೆ ಎಂದು ಅಳೆದರೆ ಮೆದುಳಿನ ಯಾವ ಬಿಂದುವನ್ನಾದರೂ ಮುಟ್ಟಬಹುದು. ಈ ಉಪಾಯವು ನಿಷ್ಕೃಷ್ಟವಾದುದು, ಇಂದಿಗೂ ಬಳಕೆಯಲ್ಲಿದೆ. ಆದರೆ ಪ್ರತಿ ವರ್ಷದ ಪರೀಕ್ಷೆಗೂ ತಲೆಗೆ ತಿರುಪು ಹಾಕಿಸಿಕೊಳ್ಳುವವರು ಯಾರು?

೧೯೭೧ರ ಅಕ್ಟೋಬರ್ ೧ರಂದು ಲಂಡನ್ನಿನ ವಿಂಬಲ್ಡನ್ನಿನಲ್ಲಿದ್ದ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಹೌನ್ಸ್‌ಫೀಲ್ಡನು ನಿರ್ಮಿಸಿದ ಸಿ.ಟಿ. ಯಂತ್ರದಿಂದ ಮೊದಲ ರೋಗಿಯ ಮೆದುಳಿನ ಪಟವನ್ನು ತೆಗೆದರು. ಆ ಪಟದ ಒಂದೊಂದು ಬಿಲ್ಲೆಯೂ ೮೦ ಸಾಲು, ೮೦ ಕಂಬಗಳ ಒಂದು ಅಂಕಿಗಳ ಕೋಷ್ಟಕ. ಇದರ ಮಹತ್ವವನ್ನು ವಾಚಕರು ಗಮನಿಸಬೇಕು. ಫಿಲ್ಮೆಂಬುದು ನೆರಳು, ಇದಾದರೋ ಲೆಕ್ಕ. ನೆರಳನ್ನು ಕೈಯಿಂದ ಜರುಗಿಸಬಹುದು, ಅಷ್ಟೇ. ಲೆಕ್ಕವನ್ನು ಗಣಕಯಂತ್ರವು ತಿರುಗಿಸಬಲ್ಲುದು, ಓರೆಮಾಡಬಲ್ಲುದು, ಬೇಕಾದ ದಿಕ್ಕಿನಲ್ಲಿ ಹೊಸದಾಗಿ ಕೊಯ್ಯಬಲ್ಲುದು. ಮುಂದೆ ಎಂ.ಆರ್.ಐ. ಬಂದಾಗ ಅದೂ ಲೆಕ್ಕವಾಗಿಯೇ ಬಂದಿತು. ಸೀಬೆಯ ಮರಕ್ಕೆ ನಾವು ಕಟ್ಟಿದ್ದುದು ಈ ಲೆಕ್ಕದ ಪುಸ್ತಕವನ್ನು. ಜೋಪಾನವಾಗಿ ಬೀರುವಿನಲ್ಲಿಟ್ಟಿದ್ದುದು ಅದರ ನೆರಳನ್ನು!

ಲೆಕ್ಕ ಕೈಗೆ ಬಂದಮೇಲೆ ಹೊಂದಿಸುವ ಕ್ರಮ ಹೇಗೆ? ತಲೆಬುರುಡೆಯು ಮಣೆಯಂತೆ ಗಟ್ಟಿಯಾದುದು. ಅದನ್ನು ಎಡಬಲಕ್ಕೆ, ಹಿಂದುಮುಂದಕ್ಕೆ, ಮೇಲುಕೆಳಕ್ಕೆ ಸರಿಸಬಹುದು, ಇವು ಮೂರು. ಹೌದೆಂದು ತಲೆಯಾಡಿಸುವಂತೆ, ಇಲ್ಲವೆಂದು ತಲೆಯಾಡಿಸುವಂತೆ, ತಾಳಕ್ಕೆ ಭುಜದ ಕಡೆ ತಲೆದೂಗುವಂತೆ ತಿರುಗಿಸಬಹುದು, ಇವು ಮೂರು. ಒಟ್ಟು ಆರು ಚಲನೆಗಳು. ಈ ಆರು ಅಂಕಿಗಳು ಸರಿಯಾಗಿ ಸಿಕ್ಕಿದರೆ ತಲೆಯ ಎರಡು ಪಟಗಳು ಕೂಡುವುವು. ೧೯೮೯ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಪೆಲಿಝಾರಿ, ಚೆನ್ ಮೊದಲಾದವರು ಇದನ್ನು ಕಂಡುಕೊಳ್ಳಲು ಒಂದು ಕ್ರಮವನ್ನು ಪ್ರಕಟಿಸಿದರು. ಒಂದು ಪಟದಿಂದ ತಲೆಯ ಮೇಲ್ಮೈಯನ್ನು ಎತ್ತಿಕೊಂಡು ಅದನ್ನು 'ತಲೆ' ಎಂದರು. ಮತ್ತೊಂದು ಪಟದಿಂದ ಅದೇ ಮೇಲ್ಮೈಯ ಬಿಂದುಗಳನ್ನು ಎತ್ತಿಕೊಂಡು ಅದನ್ನು 'ಟೋಪಿ' ಎಂದರು. ಮಗುವಿನ ತಲೆಗೆ ಟೋಪಿ ಹಾಕುವ ತಾಯಿ ಅದನ್ನು ಅತ್ತಿತ್ತ ತಿರುಗಿಸಿ, ಒತ್ತಿ, ಎಲ್ಲಿಯೂ ಸಡಿಲವಿಲ್ಲದಂತೆ ಕೂರಿಸುವಳಷ್ಟೆ. ಗಣಕವೂ ತುಸು ಸರಿಸಿ ಅಂತರವನ್ನು ಅಳೆಯುವುದು. ಅಂತರ ಕಡಮೆಯಾದರೆ ಅದೇ ದಿಕ್ಕಿನಲ್ಲಿ ಮುಂದುವರಿಯುವುದು, ಹೆಚ್ಚಾದರೆ ಹಿಂದೆಗೆಯುವುದು. ಇನ್ನು ಎತ್ತ ಸರಿಸಿದರೂ ಅಂತರ ಕುಗ್ಗದೆಂದಾಗ ನಿಲ್ಲುವುದು. ಮುಂದೆ ಬಂದ ಎಷ್ಟೋ ಕ್ರಮಗಳ ನಡೆಯೂ ಇದೇ: ಸರಿಸು, ಅಳೆ, ಮತ್ತೆ ಸರಿಸು.

ಆದರೆ ಅಳೆಯುವುದು ಏನನ್ನು? ಎರಡೂ ಒಂದೇ ಜಾತಿಯ ಪಟಗಳಾದರೆ ಒಂದರಿಂದೊಂದನ್ನು ಕಳೆದು ಶೇಷ ಎಷ್ಟೆಂದು ನೋಡಬಹುದು. ಜಾತಿ ಬೇರೆಯಾದರೆ ಕಷ್ಟ. ಸಿ.ಟಿ.ಯಲ್ಲಿ ಎಲುಬು ಹಿಮದಂತೆ ಬೆಳ್ಳಗಿರುವುದು, ಎಂ.ಆರ್.ಐ.ಯಲ್ಲಿ ಅದೇ ಬುರುಡೆಯ ಗಟ್ಟಿ ಎಲುಬು ಕಾಡಿಗೆಯಂತೆ ಕಪ್ಪಗಿರುವುದು. ಆದರೂ ಇವೆರಡನ್ನೂ ಕೂಡಿಸಲೇಬೇಕಾದ ಸಂದರ್ಭವುಂಟು. ಮೆದುಳಿನ ಅರ್ಬುದಕ್ಕೆ ಕಿರಣಚಿಕಿತ್ಸೆ ಮಾಡುವಾಗ ಅರ್ಬುದದ ಎಲ್ಲೆಯನ್ನು ಸ್ಪಷ್ಟವಾಗಿ ತೋರಿಸುವುದು ಎಂ.ಆರ್.ಐ.; ಕಿರಣವು ಯಾವ ಧಾತುವಿನಲ್ಲಿ ಎಷ್ಟು ಕುಗ್ಗುವುದೆಂಬ ಲೆಕ್ಕಕ್ಕೆ ಆಧಾರ ಸಿ.ಟಿ. ಒಂದರ ಮೇಲೆ ಬರೆದ ಗಡಿಯನ್ನು ಇನ್ನೊಂದಕ್ಕೆ ಒಯ್ಯಬೇಕು. ಒಯ್ಯುವಾಗ ಕೆಲವು ಮಿಲಿಮೀಟರು ತಪ್ಪಿದರೆ ಅರ್ಬುದದ ಒಂದಂಚಿಗೆ ಮದ್ದು ತಲಪದೆ ಹೋಗಬಹುದು. ಪಕ್ಕದ ಕಣ್ಣಿನ ನರಕ್ಕೆ ಬೇಡದ ಕಿರಣ ಬೀಳಬಹುದು.

ಈ ತೊಡಕನ್ನು ಬಿಡಿಸಿದ ಬಗೆಯನ್ನು ತರಗತಿಯ ದೃಷ್ಟಾಂತದಿಂದಲೇ ವಿವರಿಸುವೆವು. ಇಬ್ಬರು ಹುಡುಗರಿಗೆ ಕರ್ನಾಟಕದ ಭೂಪಟಕ್ಕೆ ಬಣ್ಣ ಹಾಕಲು ಹೇಳಿದೆವೆನ್ನಿ. ಒಬ್ಬನು ಮಲೆನಾಡಿಗೆ ಹಸಿರನ್ನೂ, ಬಯಲುಸೀಮೆಗೆ ಹಳದಿಯನ್ನೂ, ಕಡಲಿಗೆ ನೀಲಿಯನ್ನೂ ಬಳಿದನು. ಮತ್ತೊಬ್ಬನು ಡಬ್ಬಿಯಲ್ಲಿ ಉಳಿದ ಬಣ್ಣಗಳಿಂದ ಮಲೆನಾಡಿಗೆ ನೇರಿಳೆಯನ್ನೂ, ಬಯಲಿಗೆ ಕಂದನ್ನೂ, ಕಡಲಿಗೆ ಕಿತ್ತಳೆಯನ್ನೂ ಬಳಿದನು. ಈ ಎರಡನೆಯದನ್ನು ಕೆಳಗಿಟ್ಟು ಮೊದಲನೆಯದನ್ನು ಅದರ ಮೇಲೆ ಸರಿಯಾಗಿ ಹೊಂದಿಸಿ, ಒಂದು ಸೂಜಿಯನ್ನು ಚುಚ್ಚಿ, "ಮೇಲೆ ಹಸಿರಿದೆ, ಕೆಳಗೆ ಯಾವ ಬಣ್ಣ?" ಎಂದು ಕೇಳಿದರೆ ಕಣ್ಣು ಮುಚ್ಚಿದ ಹುಡುಗನೂ "ನೇರಿಳೆ" ಎನ್ನಬಲ್ಲನು. ಎರಡು ಬಣ್ಣಗಳು ಒಂದನ್ನೊಂದು ಹೋಲುವುದಿಲ್ಲ. ಆದರೂ ಒಂದು ಇನ್ನೊಂದನ್ನು ತಿಳಿಸಿಕೊಡುವುದು. ಮೇಲಿನ ಪಟವನ್ನು ಎರಡು ಬೆರಳು ಪಕ್ಕಕ್ಕೆ ಜರುಗಿಸಿ ನೋಡಿ. ಈಗ ಹಸಿರಿನ ಕೆಳಗೆ ಒಂದು ಕಡೆ ನೇರಿಳೆ, ಒಂದು ಕಡೆ ಕಿತ್ತಳೆ, ಒಂದು ಕಡೆ ಕಂದು. ಹುಡುಗನ ಊಹೆ ತಪ್ಪತೊಡಗುವುದು. ಆದುದರಿಂದ ಸಾದೃಶ್ಯವನ್ನು ಅಳೆಯಬೇಕಾದುದಿಲ್ಲ. ಒಂದನ್ನು ಅರಿತರೆ ಇನ್ನೊಂದು ಎಷ್ಟುಮಟ್ಟಿಗೆ ಅರಿವಾಗುವುದೆಂಬುದನ್ನು ಅಳೆದರೆ ಸಾಕು. ಆ ಅರಿವು ಅತ್ಯಧಿಕವಾದ ಸ್ಥಾನವೇ ಹೊಂದಿಕೆಯ ಸ್ಥಾನ.

ಈ ಅರಿವನ್ನು ಅಂಕಿಯಲ್ಲಿ ಅಳೆಯುವ ಗಣಿತದ ಬೀಜವು ಅಮೆರಿಕದ ಕ್ಲಾಡ್ ಷ್ಯಾನನ್ ೧೯೪೮ರಲ್ಲಿ ವಾರ್ತಾಸಂವಹನವನ್ನು ಕುರಿತು ಬರೆದ ಲೇಖನದಲ್ಲಿತ್ತು. ತಂತಿಯ ಮೇಲೆ ಹೋಗುವ ಸುದ್ದಿಗಾಗಿ ಹುಟ್ಟಿದ ಆ ಗಣಿತವನ್ನು ೧೯೯೫ರ ಸುಮಾರಿಗೆ ಅಮೆರಿಕದ ಎಂ.ಐ.ಟಿ.ಯ ವಯೋಲ, ವೆಲ್ಸ್ ಎಂಬವರೂ, ಬೆಲ್ಜಿಯಮಿನ ಲ್ಯೂವೆನ್ ನಗರದ ವಿದ್ವಾಂಸರೂ, ಒಬ್ಬರನ್ನೊಬ್ಬರು ಅವಲಂಬಿಸದೆ, ದೇಹದ ಪಟಗಳಿಗೆ ಅನ್ವಯಿಸಿದರು. ಇದನ್ನು ನಾವು 'ಪರಸ್ಪರಜ್ಞಾನ'ವೆಂದು ಕರೆಯಬಹುದು. ಅಂದಿನಿಂದ ಇಂದಿನವರೆಗೆ ಭಿನ್ನಜಾತಿಯ ಪಟಗಳನ್ನು ಕೂಡಿಸುವಲ್ಲಿ ಈ ಅಳತೆಗೆ ಮುಖ್ಯಸ್ಥಾನವಿದೆ.

ಇಷ್ಟೂ ಗಟ್ಟಿಯಾದ ತಲೆಯ ಮಾತಾಯಿತು. ಕುತ್ತಿಗೆಯಿಂದ ಕೆಳಗೆ ಬಂದರೆ ದೇಹವು ಮಣೆಯಲ್ಲ, ನಾದಿದ ಹಿಟ್ಟು. ಉಸಿರೆಳೆದಾಗ ಯಕೃತ್ತು ಕೆಳಗಿಳಿಯುವುದು; ಬಿಟ್ಟಾಗ ಏರುವುದು. ಕ್ಯಾನ್ಸರಿನ ಪರೀಕ್ಷೆಗೆ ಮಾಡುವ ಪೆಟ್ ಎಂಬ ಸ್ಕ್ಯಾನಿನಲ್ಲಿ ಸಕ್ಕರೆಯಂತಹ ಒಂದು ವಿಕಿರಣದ್ರವ್ಯವನ್ನು ರಕ್ತಕ್ಕೆ ಸೇರಿಸಿ, ಅದನ್ನು ಹೆಚ್ಚಾಗಿ ಹೀರುವ ಭಾಗಗಳನ್ನು ಪತ್ತೆ ಮಾಡುವರು. ಈ ಪೆಟ್ಟನ್ನೂ ಸಿ.ಟಿ.ಯನ್ನೂ ಒಂದೇ ಮಂಚದ ಮೇಲೆ ತೆಗೆಯುವ ಜೋಡಿಯಂತ್ರವನ್ನು ಟೌನ್ಸೆಂಡ್, ನಟ್ ಎಂಬವರು ರೂಪಿಸಿದರು. ಅದರ ಮಾದರಿಯು ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ೧೯೯೮ರಲ್ಲಿ ಕೆಲಸಕ್ಕೆ ಬಂದಿತು. ರೋಗಿಯು ಮಂಚದಿಂದ ಏಳದೆಯೇ ಎರಡೂ ಪಟಗಳು ಮುಗಿಯುವುದರಿಂದ ಹೊಂದಿಕೆಯ ಭಾರ ಬಹುವಾಗಿ ತಗ್ಗಿತು; ಪೂರ್ತಿ ತಗ್ಗಲಿಲ್ಲ. ಏಕೆಂದರೆ ಸಿ.ಟಿ.ಯು ಕೆಲವು ಕ್ಷಣಗಳಲ್ಲಿ ಮುಗಿಯುವುದು. ಪೆಟ್ಟಿಗೆ ಹಲವು ನಿಮಿಷಗಳು ಬೇಕು, ಅಷ್ಟು ಹೊತ್ತೂ ರೋಗಿಯು ಉಸಿರಾಡುತ್ತಲೇ ಇರುವನು. ಹೀಗಾಗಿ ಯಕೃತ್ತಿನ ನೆತ್ತಿಯಲ್ಲಿರುವ ಒಂದು ಗಂಟು ಕೂಡುಚಿತ್ರದಲ್ಲಿ ಶ್ವಾಸಕೋಶದ ಬುಡದಲ್ಲಿರುವಂತೆ ತೋರಬಹುದು. ಇದನ್ನು ಬಲ್ಲ ವೈದ್ಯರು ಎರಡು ಪಟಗಳನ್ನು ಬೇರೆಬೇರೆಯಾಗಿಯೂ ನೋಡಿಯೇ ತೀರ್ಮಾನಿಸುವರು. ಕೂಡುಚಿತ್ರದ ಬಣ್ಣಗಳನ್ನು ಕಂಡು ಮನೆಯವರು ಬೆದರುವುದುಂಟು. ಬಣ್ಣವು ಯಂತ್ರ ಬಳಿದುದು. ಆರೋಗ್ಯವಂತನ ಮೆದುಳೂ ಮೂತ್ರಾಶಯವೂ ಈ ಪಟದಲ್ಲಿ ಪ್ರಜ್ವಲವಾಗಿಯೇ ಕಾಣುವುವು.

ಮೆತ್ತನೆಯ ಅಂಗಗಳನ್ನು ಹೊಂದಿಸಲು ಆರು ಚಲನೆಗಳು ಸಾಲವು. ಪಟವನ್ನೇ ರಬ್ಬರಿನ ಹಾಳೆಯಂತೆ ಭಾವಿಸಿ, ಅಲ್ಲಲ್ಲಿ ಎಳೆದು, ಅಲ್ಲಲ್ಲಿ ಕುಗ್ಗಿಸಿ ಕೂಡಿಸುವ ಕ್ರಮಗಳು ೧೯೯೦ರ ದಶಕದಲ್ಲಿ ಬೆಳೆದುವು. ೨೦೧೮ರಿಂದೀಚೆಗೆ ಗಣಕಕ್ಕೆ ಸಾವಿರಾರು ಪಟಗಳನ್ನು ತೋರಿಸಿ ಪಳಗಿಸುವ ವಿಧಾನಗಳೂ ಬಂದು, ಹಿಂದೆ ಬಹಳ ಹೊತ್ತು ಹಿಡಿಯುತ್ತಿದ್ದ ಹೊಂದಿಕೆಯು ಕೆಲವು ಕ್ಷಣಗಳಲ್ಲಿ ಮುಗಿಯುವಂತಾಗಿದೆ. ಆದರೆ ಇಲ್ಲಿಯೇ ನಾವು ಮೊದಲು ಹೇಳಿದ ಅಪಾಯವು ತಲೆಯೆತ್ತುವುದು. ರಬ್ಬರನ್ನು ಎಷ್ಟು ಬೇಕಾದರೂ ಎಳೆಯಬಹುದೆಂದು ಯಂತ್ರಕ್ಕೆ ಅನುಮತಿ ಕೊಟ್ಟರೆ ಅದು ಈ ವರ್ಷದ ದೊಡ್ಡ ಗಂಟನ್ನು ಕುಗ್ಗಿಸಿ ಹೋದ ವರ್ಷದ ಸಣ್ಣ ಗಂಟಿನ ಮೇಲೆ ಅಂದವಾಗಿ ಕೂರಿಸಿ, "ಎರಡೂ ಕೂಡಿದುವು, ಭೇದವಿಲ್ಲ" ಎಂದುಬಿಡುವುದು. ಚಿತ್ರವು ಸುಂದರ, ರೋಗವು ಮಾಯ! ವೇಷಭೇದವನ್ನು ಅಳಿಸಲು ಹೋಗಿ ರೋಗಭೇದವನ್ನೇ ಅಳಿಸಿದಂತಾಯಿತು. ಆದುದರಿಂದಲೇ ತಲೆಯ ಗಂಟು ಬೆಳೆಯಿತೇ ಇಲ್ಲವೇ ಎಂದು ನೋಡುವಲ್ಲಿ ಗಟ್ಟಿಯಾದ ಬುರುಡೆಯನ್ನು ಆಧಾರಮಾಡಿಕೊಂಡು, ಆರು ಚಲನೆಗಳಿಗೆ ಮಾತ್ರ ಅವಕಾಶವಿತ್ತು ಹೊಂದಿಸುವುದು ಲೇಸು.

ಹಾಗಾದರೆ ಹೊಂದಿಕೆ ಸರಿಯೆಂಬುದಕ್ಕೆ ಸಾಕ್ಷಿಯೇನು? ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದ ಫಿಟ್ಸ್‌ಪ್ಯಾಟ್ರಿಕ್ ಮೊದಲಾದವರು ಈ ಪ್ರಶ್ನೆಗೆ ಪರೀಕ್ಷೆಯ ಕೊಠಡಿಯ ನ್ಯಾಯದಿಂದ ಉತ್ತರವನ್ನು ಹುಡುಕಿದರು. ಶಸ್ತ್ರಕ್ರಿಯೆಗಾಗಿ ಬುರುಡೆಯ ಎಲುಬಿನಲ್ಲಿ ಗುರುತುಗಳನ್ನು ನೆಟ್ಟ ರೋಗಿಗಳ ಪಟಗಳನ್ನು ತೆಗೆದುಕೊಂಡು, ಆ ಗುರುತುಗಳಿಂದ ಸರಿಯಾದ ಹೊಂದಿಕೆಯನ್ನು ತಾವು ಕಂಡುಕೊಂಡರು. ಆಮೇಲೆ ಪಟಗಳಿಂದ ಗುರುತುಗಳನ್ನು ಅಳಿಸಿ, ಬೇರೆ ಬೇರೆ ಸಂಸ್ಥೆಗಳ ವಿದ್ವಾಂಸರಿಗೆ ಕಳುಹಿಸಿ, "ನಿಮ್ಮ ನಿಮ್ಮ ಕ್ರಮದಿಂದ ಹೊಂದಿಸಿ" ಎಂದರು. ಉತ್ತರಪತ್ರಿಕೆಗಳ ಮೌಲ್ಯಮಾಪನವು ೧೯೯೭ರಲ್ಲಿ ಪ್ರಕಟವಾಯಿತು. ಬಹಳ ಸಲ ಹೊಂದಿಕೆ ತೃಪ್ತಿಕರವಾಗಿಯೇ ಬರುವುದು. ಆದರೂ ಆಗೊಮ್ಮೆ ಈಗೊಮ್ಮೆ ದೊಡ್ಡ ತಪ್ಪು ನುಸುಳುವುದರಿಂದ ಮನುಷ್ಯನ ಕಣ್ಣು ನೋಡಲೇಬೇಕು ಎಂಬುದು ಅವರ ಸಿದ್ಧಾಂತ.

ಅದೇ ಫಿಟ್ಸ್‌ಪ್ಯಾಟ್ರಿಕ್ಕರು ೨೦೦೯ರಲ್ಲಿ ಇನ್ನೊಂದು ಸೂಕ್ಷ್ಮವನ್ನು ಎತ್ತಿ ತೋರಿಸಿದರು. ಗುರುತುಗಳನ್ನು ಆಧಾರವಾಗಿಟ್ಟುಕೊಂಡು ಹೊಂದಿಸಿದಾಗ, ಆ ಗುರುತುಗಳು ತಮ್ಮತಮ್ಮಲ್ಲಿ ಎಷ್ಟು ಚೆನ್ನಾಗಿ ಕೂಡಿದುವೆಂಬುದರಿಂದ, ಒಳಗಿನ ಗಂಟಿನ ಬಳಿ ಎಷ್ಟು ತಪ್ಪಿದೆಯೆಂಬುದು ತಿಳಿಯುವುದಿಲ್ಲ. ಬಾಗಿಲ ಕೀಲಿನ ಬಳಿ ಕೂದಲೆಳೆಯಷ್ಟು ಓರೆಯಾದುದು ಬಾಗಿಲ ತುದಿಯಲ್ಲಿ ಬೆರಳಗಲವಾಗುವುದನ್ನು ಎಲ್ಲರೂ ಬಲ್ಲರು. ಅಲ್ಲದೆ ಯಾವ ಗುರುತುಗಳಿಂದ ಹೊಂದಿಸಿದೆವೋ ಅವನ್ನೇ ಹೊಂದಿಕೆಗೆ ಸಾಕ್ಷಿ ಕರೆಯುವುದು ನಮ್ಮ ನೈಯಾಯಿಕರು ಹೇಳುವ ಆತ್ಮಾಶ್ರಯದೋಷ. ಸಾಕ್ಷಿಯು ಹೊರಗಿನಿಂದ ಬರಬೇಕು. ಅದಕ್ಕಾಗಿ ವೈದ್ಯರು ಪರದೆಯ ಮೇಲೆ ಚದುರಂಗದ ಮನೆಗಳಂತೆ ಒಂದು ಮನೆಗೆ ಹಳೆಯ ಪಟವನ್ನೂ, ಪಕ್ಕದ ಮನೆಗೆ ಹೊಸ ಪಟವನ್ನೂ ತುಂಬಿ, ಮೆದುಳಿನ ಮಡಿಕೆಗಳೂ ಒಳಗಿನ ನೀರಿನ ಗೂಡುಗಳೂ ಮನೆಯಿಂದ ಮನೆಗೆ ಮುರಿಯದೆ ಸಾಗುವುವೇ ಎಂದು ನೋಡುವರು. ವೈದ್ಯಕೀಯ ಭೌತವಿಜ್ಞಾನಿಗಳ ಅಮೆರಿಕದ ಸಂಘವು ಕಿರಣಚಿಕಿತ್ಸೆಯಲ್ಲಿ ಈ ವಿದ್ಯೆಯ ಬಳಕೆಯನ್ನು ಕುರಿತು ೨೦೧೭ರಲ್ಲಿ ಪ್ರಕಟಿಸಿದ ವರದಿಯೂ ಹೊಂದಿಕೆಯನ್ನು ನಂಬುವ ಮುನ್ನ ಪರೀಕ್ಷಿಸಬೇಕೆಂದೇ ವಿಧಿಸುವುದು.

ಇನ್ನು ನಮ್ಮ ಅಕ್ಕಯ್ಯನವರ ಕಥೆಗೆ ಬರೋಣ. ಮರದಿಂದ ಬಿಚ್ಚಿ ತಂದ ಡಿಸ್ಕು ಎರಡು ಮಳೆಗಾಲಗಳನ್ನು ಕಂಡು ಹಾಳಾಗಿತ್ತು. ಮೊದಲನೆಯ ಆಸ್ಪತ್ರೆಗೆ ಹೋಗಿ ವಿಚಾರಿಸಿದೆವು. ನಾಲ್ಕು ದಿನ ಅಲೆದಮೇಲೆ, ಅಲ್ಲಿನ ಗಣಕದಲ್ಲಿ ಆ ಲೆಕ್ಕ ಇನ್ನೂ ಉಳಿದಿರುವುದು ತಿಳಿಯಿತು. ಹೊಸ ಪ್ರತಿಯನ್ನು ತಂದೆವು. ಅದರಲ್ಲಿ ಫಿಲ್ಮಿಗೆ ಇಳಿಸದೆ ಬಿಟ್ಟಿದ್ದ, ಒಂದೊಂದೇ ಮಿಲಿಮೀಟರು ದಪ್ಪದ ತೆಳುಬಿಲ್ಲೆಗಳ ಒಂದು ಸಾಲೇ ಇತ್ತು. ಡಾಕ್ಟರಮ್ಮನವರು ಎರಡು ವರ್ಷಗಳ ಲೆಕ್ಕವನ್ನೂ ಬುರುಡೆಗೆ ಬುರುಡೆ ಹೊಂದಿಸಿ, ಚದುರಂಗದ ಮನೆಗಳಲ್ಲಿ ಪರೀಕ್ಷಿಸಿ, ಹೊಸ ಪಟವು ಯಾವ ಓರೆಯಲ್ಲಿ ಕೊಯ್ದಿತ್ತೋ ಅದೇ ಓರೆಯಲ್ಲಿ ಹಳೆಯದನ್ನೂ ಕೊಯ್ದರು. ನಮ್ಮನ್ನು ಕರೆದು ಪರದೆಯ ಮುಂದೆ ಕೂರಿಸಿ, "ಅಳತೆ ನೀವೇ ಓದಿ, ಮೇಷ್ಟ್ರೇ" ಎಂದರು. ಹಳೆಯ ಪಟದಲ್ಲಿಯೂ ೧೯ ಮಿಲಿಮೀಟರೇ ಇತ್ತು. ಗಂಟು ಬೆಳೆದಿರಲಿಲ್ಲ, ಮ��ದಲಿನಿಂದಲೂ ಅಷ್ಟೇ ಇತ್ತು. ಮೊದಲ ವರ್ಷ ಅದರ ಕಿರಿಯ ಅಗಲವನ್ನೂ, ಎರಡನೆಯ ವರ್ಷ ಅದರ ಹಿರಿಯ ಅಗಲವನ್ನೂ ಅಳೆದಿದ್ದರು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಇಬ್ಬರ ಮಾತಿಗೂ ಸಮನ್ವಯ ಮಾಡಿದವರಿರಲಿಲ್ಲ.

ಶಸ್ತ್ರಕ್ರಿಯೆಯನ್ನು ಮುಂದೂಡಿದರು. ಹೋದ ವರ್ಷದ ಪಟವೂ ಹಾಗೆಯೇ ಬಂದಿದೆ; ಬರುವ ವರ್ಷದ ಪಟವು ಏನು ಹೇಳುವುದೋ ನೋಡಬೇಕು. ಬೆಳೆದರೆ ಕೊಯ್ಯಿಸುವುದೇ ಸರಿ. ಅದನ್ನು ಅಕ್ಕಯ್ಯನವರೂ ಒಪ್ಪಿದ್ದಾರೆ.

ನಮ್ಮ ವಾಚಕ ಗೃಹಸ್ಥರಿಗೆ ಅನುಭವದಿಂದ ಕಲಿತ ನಾಲ್ಕು ಮಾತುಗಳನ್ನು ಹೇಳಿ ವಿರಮಿಸುವೆವು. ಸ್ಕ್ಯಾನು ತೆಗೆಸಿದಾಗ ಫಿಲ್ಮು, ವರದಿಗಳೊಡನೆ ಡಿಸ್ಕನ್ನೂ ಕೇಳಿ ಪಡೆಯಿರಿ. ಅದರ ಪ್ರತಿಯೊಂದನ್ನು ಮನೆಯ ಗಣಕದಲ್ಲಿಯೂ ಇಡಿಸಿರಿ. ಡಿಸ್ಕಿನ ಮೇಲೆ ಹೆಸರನ್ನೂ ದಿನಾಂಕವನ್ನೂ ಬರೆದು, ಮನೆಯ ಪತ್ರಗಳೊಡನೆ ಬಿಸಿಲುಬಡಿಯದ ಕಡೆ ಇಡಿ. ಹೊಸ ಸ್ಕ್ಯಾನಿಗೆ ಹೋಗುವಾಗ ಹಳೆಯ ಡಿಸ್ಕನ್ನು ಮರೆಯದೆ ಒಯ್ಯಿರಿ. ಸಾಧ್ಯವಾದರೆ ಅದೇ ಯಂತ್ರದಲ್ಲಿ, ಅದೇ ಕ್ರಮದಲ್ಲಿ ತೆಗೆಸಿರಿ. ಬೆಳೆದಿದೆಯೆಂದೋ ಕುಗ್ಗಿದೆಯೆಂದೋ ವರದಿ ಬಂದರೆ, "ಹಳೆಯ ಪಟವನ್ನೇ ಇಟ್ಟು ಹೋಲಿಸಿದಿರಾ, ಹಳೆಯ ವರದಿಯ ಅಂಕಿಯನ್ನು ಮಾತ್ರವೇ?" ಎಂದು ವಿನಯದಿಂದ ಕೇಳಿರಿ. ವೈದ್ಯರಾದವರು ಈ ಪ್ರಶ್ನೆಗೆ ಬೇಸರಪಡಲಾರರು. ತೀರ್ಮಾನವು ಅವರದು, ಅದಕ್ಕೆ ಬೇಕಾದ ಸಾಮಗ್ರಿಯನ್ನು ಕಾಪಾಡಿ ಒದಗಿಸುವ ಹೊಣೆ ನಮ್ಮದು.

ಸೀಬೆಯ ಮರದ ಗಿಳಿಗಳನ್ನು ಈಗ ಓಡಿಸುವವರಿಲ್ಲ. ಅಕ್ಕಯ್ಯನವರು ಹಿತ್ತಲಿನಲ್ಲಿ ಕುಳಿತು, ಅವು ಕಚ್ಚಿ ಬೀಳಿಸಿದ ಹಣ್ಣುಗಳನ್ನು ಆಯ್ದು, ಚೆನ್ನಾಗಿರುವ ಹೋಳನ್ನು ನಮಗೆ ಕೊಯ್ದು ಕೊಡುವರು. ನೆಟ್ಟಗೆ ಕೊಯ್ದರೋ ಓರೆಯಾಗಿ ಕೊಯ್ದರೋ ಎಂದು ನಾವು ನೋಡುವ ಗೋಜಿಗೆ ಹೋಗುವುದಿಲ್ಲ.